ಅಣೆಕಟ್ಟಿನ ಕೆಳಗೆ ನೂರು ವರ್ಷದ ಪ್ರವಾಹ: ತುಂಗಭದ್ರೆಯನ್ನು ಮುಂದಿಟ್ಟುಕೊಂಡು ಒಂದು ಟಿಪ್ಪಣಿ

ಪ್ರವಾಹ ನಕ್ಷೆಗೆ ಮೊದಲು ಬೇಕಾಗುವುದು ಹರಿವಿನ ಪ್ರಮಾಣ. ನೀರಿನ ಮಟ್ಟ, ಮುಳುಗಡೆಯ ಗಡಿ ಇವೆಲ್ಲ ಅದರ ನಂತರದ ಮಾತು. ಅಣೆಕಟ್ಟಿಲ್ಲದ ನದಿಯಲ್ಲಿ ಪ್ರತಿ ವರ್ಷದ ಗರಿಷ್ಠ ಹರಿವನ್ನು ಪಟ್ಟಿ ಮಾಡಿ, ಗಂಬೆಲ್ ಅಥವಾ ಲಾಗ್-ಪಿಯರ್ಸನ್ ವಿತರಣೆಯನ್ನು (ಎಷ್ಟು ದೊಡ್ಡ ಹರಿವಿಗೆ ಎಷ್ಟು ಸಂಭವ ಎಂದು ಹೇಳುವ ಸಂಖ್ಯಾಶಾಸ್ತ್ರದ ಸೂತ್ರ) ಹೊಂದಿಸಿ, ಯಾವುದೇ ಒಂದು ವರ್ಷದಲ್ಲಿ ಮೀರಲು ಶೇ 1ರಷ್ಟು ಸಂಭವವಿರುವ ಹರಿವನ್ನು, ಅಂದರೆ ನೂರು ವರ್ಷದ ಪ್ರವಾಹವನ್ನು, ಪಡೆಯಬಹುದು. ಇದು ಪಠ್ಯಪುಸ್ತಕಗಳಲ್ಲಿ ಚೆನ್ನಾಗಿಯೇ ಇದೆ. ಅಣೆಕಟ್ಟಿನ ಕೆಳಗೆ ಇದನ್ನು ನೇರವಾಗಿ ಬಳಸಲು ಬರುವುದಿಲ್ಲ. ಏಕೆಂಬುದನ್ನು ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿನ ಉದಾಹರಣೆಯಿಂದ ನೋಡೋಣ.

ಹೊರಹರಿವಿನ ದಾಖಲೆಯನ್ನೇ ಏಕೆ ಬಳಸಬಾರದು

ಅಣೆಕಟ್ಟಿನಿಂದ ಬಿಟ್ಟ ನೀರಿನ ಲೆಕ್ಕ ದಶಕಗಳಿಂದ ಇದ್ದೇ ಇರುತ್ತದೆ. ಆದರೆ ಆ ಅಂಕಿಗಳು ಮಳೆಯೊಂದರಿಂದಲೇ ಹುಟ್ಟಿದವಲ್ಲ. ಗೇಟುಗಳ ನಿರ್ವಹಣೆ, ಆ ದಿನದ ಜಲಾಶಯದ ಮಟ್ಟ, ಕೆಳಗಿನ ಊರುಗಳನ್ನು ಕಾಪಾಡುವ ನಿರ್ಧಾರ ಇವೆಲ್ಲ ಅವುಗಳಲ್ಲಿ ಬೆರೆತಿರುತ್ತವೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟ್ (ಅಣೆಕಟ್ಟಿನ ಮೇಲ್ಭಾಗದ ಗೇಟು) ಕೊಚ್ಚಿಹೋದಾಗ, ಒತ್ತಡ ಇಳಿಸಲು ಉಳಿದ ಗೇಟುಗಳಿಂದಲೂ ನೀರು ಬಿಡಬೇಕಾಯಿತು. ಆ ದಿನಗಳ ಹೊರಹರಿವನ್ನು ಜಲಾನಯನ ಪ್ರದೇಶದ ಮಳೆಯಿಂದ ಬಂದ ಪ್ರವಾಹವೆಂದು ಪಟ್ಟಿಗೆ ಸೇರಿಸಿದರೆ ವಿಶ್ಲೇಷಣೆಗೆ ಅರ್ಥವೇ ಉಳಿಯುವುದಿಲ್ಲ. ಆದ್ದರಿಂದ ವಿತರಣೆಯನ್ನು ಹೊಂದಿಸಬೇಕಾದದ್ದು ಒಳಹರಿವಿಗೆ. ಹೊರಹರಿವನ್ನು ಅದರಿಂದ ಲೆಕ್ಕಹಾಕಿ ಪಡೆಯಬೇಕು.

ಗರಿಷ್ಠ ಹರಿವು ಸಾಲದು, ಒಟ್ಟು ನೀರು ಬೇಕು

ನೂರು ವರ್ಷದ ಗರಿಷ್ಠ ಒಳಹರಿವು ಗೊತ್ತಾದರೆ ಹೊರಹರಿವೂ ಗೊತ್ತಾದಂತೆ ಎಂದು ತೋರುತ್ತದೆ. ಹಾಗಲ್ಲ ಎಂಬುದನ್ನು ಮನಗಾಣಲು ನನಗೆ ನೆರವಾದ ಒಂದು ಸುಲಭ ಲೆಕ್ಕವಿದೆ: ಒಂದು ಲಕ್ಷ ಕ್ಯುಸೆಕ್ (ಸೆಕೆಂಡಿಗೆ ಒಂದು ಲಕ್ಷ ಘನ ಅಡಿ) ಹರಿವು ಇಡೀ ಒಂದು ದಿನ ಇದ್ದರೆ 8.64 ಟಿಎಂಸಿ ನೀರಾಗುತ್ತದೆ; ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡು ಎಂಬುದು ನೆನಪಿದ್ದರೆ ಇದೂ ನೆನಪಿರುತ್ತದೆ. ತಿರುಗಿಸಿ ಹೇಳಿದರೆ, ಒಂದು ಟಿಎಂಸಿ ಎಂದರೆ ಒಂದು ದಿನದ 11,574 ಕ್ಯುಸೆಕ್.

ಈಗ ಜಲಾಶಯದಲ್ಲಿ 10 ಟಿಎಂಸಿ ಜಾಗ ಖಾಲಿ ಇದೆ, ಕೆಳಗೆ ಎರಡು ಲಕ್ಷ ಕ್ಯುಸೆಕ್‌ಗಿಂತ ಹೆಚ್ಚು ಬಿಡಬಾರದೆಂಬ ಗುರಿಯಿದೆ, ಒಳಹರಿವು ಮೂರು ಲಕ್ಷ ಕ್ಯುಸೆಕ್ ಇದೆ ಎಂದಿಟ್ಟುಕೊಳ್ಳೋಣ. ಅದು ಒಂದು ದಿನ ಮಾತ್ರ ಇದ್ದರೆ ಹಿಡಿದಿಡಬೇಕಾದ ನೀರು 8.64 ಟಿಎಂಸಿ, ಜಾಗ ಸಾಕು, ಹೊರಹರಿವು ಎರಡು ಲಕ್ಷದಲ್ಲೇ ನಿಲ್ಲುತ್ತದೆ. ಅದೇ ಹರಿವು ಎರಡು ದಿನ ಮುಂದುವರಿದರೆ 17.28 ಟಿಎಂಸಿ ಹಿಡಿದಿಡಬೇಕಾಗುತ್ತದೆ. ಎರಡನೆಯ ದಿನದ ಆರಂಭದಲ್ಲೇ ಜಾಗ ಮುಗಿದು, ಆಮೇಲೆ ಬಂದ ಮೂರು ಲಕ್ಷವನ್ನೂ ಬಿಡಬೇಕಾಗುತ್ತದೆ. ಗರಿಷ್ಠ ಒಳಹರಿವು ಎರಡರಲ್ಲೂ ಒಂದೇ, ಕೆಳಗಿನ ಊರಿನ ಪಾಡು ಮಾತ್ರ ಬೇರೆ.

ಹೀಗಾಗಿ ಒಂದು ದಿನ, ಎರಡು ದಿನ, ಮೂರು ದಿನ, ಐದು ದಿನಗಳ ಗರಿಷ್ಠ ಒಳಹರಿವಿನ ಒಟ್ಟು ನೀರಿಗೆ ಪ್ರತ್ಯೇಕವಾಗಿ ವಿತರಣೆಯನ್ನು ಹೊಂದಿಸಬೇಕು. ಹಿಂದೆ ಬಂದ ದೊಡ್ಡ ಪ್ರವಾಹವೊಂದರ ಹೈಡ್ರೋಗ್ರಾಫನ್ನು, ಅಂದರೆ ಹೊತ್ತು ಕಳೆದಂತೆ ಹರಿವು ಬದಲಾಗುವುದನ್ನು ತೋರಿಸುವ ರೇಖೆಯನ್ನು, ಆ ಪ್ರಮಾಣಗಳಿಗೆ ಸರಿಹೊಂದುವಂತೆ ಹಿಗ್ಗಿಸಿ, ಗೇಟು ತೆರೆಯುವ ನಿಯಮದ ಪ್ರಕಾರ ಜಲಾಶಯದ ಮೂಲಕ ರೂಟಿಂಗ್ ಮಾಡಬೇಕು, ಅಂದರೆ ಎಷ್ಟು ನೀರು ಉಳಿಯುತ್ತದೆ, ಎಷ್ಟು ಹೊರಹೋಗುತ್ತದೆ ಎಂದು ಹೊತ್ತುಹೊತ್ತಿಗೆ ಲೆಕ್ಕಹಾಕಬೇಕು. ಇದನ್ನು 10, 25, 50, 100, 500 ವರ್ಷಗಳ ಪ್ರವಾಹಗಳಿಗೆ ಮಾಡಿದಾಗ ಸಿಗುವ ಹೊರಹರಿವಿನ ರೇಖೆ ನಯವಾಗಿರುವುದಿಲ್ಲ: ಜಾಗ ಇರುವ ತನಕ ಮೆಟ್ಟಿಲಿನಂತೆ ಸಪಾಟಾಗಿದ್ದು, ಜಾಗ ಮುಗಿದ ಕೂಡಲೇ ಕಡಿದಾಗಿ ಏರುತ್ತದೆ. ದಾಖಲಾದ ಹೊರಹರಿವಿನ ಬಹುಪಾಲು ಅಂಕಿಗಳು ಆ ಸಪಾಟು ಭಾಗದಲ್ಲೇ ಇರುತ್ತವೆ. ಅವುಗಳ ಮೂಲಕ ಲಾಗ್-ಪಿಯರ್ಸನ್ ರೇಖೆಯನ್ನು ಎಳೆದು ನೂರು ವರ್ಷಕ್ಕೆ ಚಾಚಿದರೆ ಆ ಕಡಿದಾದ ಏರು ಕಾಣಿಸುವುದೇ ಇಲ್ಲ, ಅಂದಾಜು ಅಪಾಯಕಾರಿಯಾಗಿ ಕಡಿಮೆ ಬರುತ್ತದೆ.

ಖಾಲಿ ಜಾಗ ಎಷ್ಟೆಂದು ಹಿಡಿಯುವುದು ಇನ್ನೊಂದು ಪ್ರಶ್ನೆ. ತುಂಗಭದ್ರೆ ಮುಖ್ಯವಾಗಿ ನೀರಾವರಿ ಮತ್ತು ವಿದ್ಯುತ್ತಿಗಾಗಿ ಕಟ್ಟಿದ ಜಲಾಶಯ. ಸುಮಾರು 105 ಟಿಎಂಸಿಯ ಇಂದಿನ ಸಾಮರ್ಥ್ಯ ಒಳ್ಳೆಯ ಮಳೆಯ ವರ್ಷದಲ್ಲಿ ಆಗಸ್ಟ್ ಹೊತ್ತಿಗೆ ತುಂಬಿರುತ್ತದೆ. ತುಂಬಿದ ಜಲಾಶಯಕ್ಕೆ ಬರುವ ಪ್ರವಾಹ ಹೆಚ್ಚುಕಡಿಮೆ ಬಂದಷ್ಟೇ ಹೊರಹೋಗುತ್ತದೆ. ಗೇಟುಗಳ ಸ್ಥಿತಿಯ ಕಾರಣ 2025ರಲ್ಲಿ ಸಂಗ್ರಹವನ್ನು ಸುಮಾರು 80 ಟಿಎಂಸಿಗೆ ಮಿತಿಗೊಳಿಸಿದಂತಹ ವರ್ಷವನ್ನು ಆಧಾರವಾಗಿ ಹಿಡಿದರೆ ಲೆಕ್ಕ ಹುಸಿ ಸಮಾಧಾನ ಕೊಡುತ್ತದೆ. ನಕ್ಷೆಗಾಗಿ ಪೂರ್ಣ ಮಟ್ಟದಿಂದಲೇ ಆರಂಭಿಸುವುದು ಸುರಕ್ಷಿತವೆಂದು ನನ್ನ ಅಭಿಪ್ರಾಯ.

ಒಳಹರಿವನ್ನು ಹಿಂದಕ್ಕೆ ಲೆಕ್ಕಹಾಕುವಾಗ

ಹೊರಹರಿವಿಗೆ ಸಂಗ್ರಹದಲ್ಲಾದ ಬದಲಾವಣೆಯನ್ನು ಕೂಡಿಸಿದರೆ ಒಳಹರಿವು ಸಿಗುತ್ತದೆ. ಕಾಲುವೆಗಳಿಗೆ ಬಿಟ್ಟ ನೀರನ್ನೂ ಆವಿಯಾದದ್ದನ್ನೂ ಮರೆಯಬಾರದು. ಮೂಲ ಅಂದಾಜಿನಂತೆ ತುಂಗಭದ್ರೆಯ ಹಿನ್ನೀರು 378 ಚದರ ಕಿಲೋಮೀಟರ್ ಹರಡುತ್ತದೆ. ಅಷ್ಟು ವಿಸ್ತಾರದಲ್ಲಿ ಮಟ್ಟವನ್ನು ಒಂದೇ ಒಂದು ಸೆಂಟಿಮೀಟರ್ ತಪ್ಪಾಗಿ ಓದಿದರೆ ಸುಮಾರು 0.13 ಟಿಎಂಸಿ ವ್ಯತ್ಯಾಸವಾಗುತ್ತದೆ: ಗಂಟೆಯ ಲೆಕ್ಕದಲ್ಲಿ ಇದು ಸುಮಾರು 37,000 ಕ್ಯುಸೆಕ್, ದಿನದ ಲೆಕ್ಕದಲ್ಲಿ ಸುಮಾರು 1,500 ಕ್ಯುಸೆಕ್ ಮಾತ್ರ. ಗಾಳಿಯ ಅಲೆಯೇ ಇಷ್ಟು ವ್ಯತ್ಯಾಸ ಮಾಡಬಲ್ಲದು. ಗಂಟೆವಾರು ಒಳಹರಿವಿನ ಪಟ್ಟಿಯಲ್ಲಿ ಋಣಾತ್ಮಕ ಅಂಕಿಗಳು ಕಂಡರೆ ಬೆರಗಾಗಬೇಕಿಲ್ಲ.

ಕೆಳಗೆ ಸೇರುವ ಹೊಳೆಗಳು

ಅಣೆಕಟ್ಟಿನ ಕೆಳಗೆ ವೇದಾವತಿ, ಅಂದರೆ ಹಗರಿ, ತುಂಗಭದ್ರೆಯನ್ನು ಸೇರುತ್ತದೆ. ಎರಡರ ನೂರು ವರ್ಷದ ಹರಿವುಗಳನ್ನು ಕೂಡಿಸಿದರೆ ಸಂಗಮದ ಕೆಳಗಿನ ನೂರು ವರ್ಷದ ಹರಿವು ಬರುವುದಿಲ್ಲ, ಏಕೆಂದರೆ ಎರಡೂ ಒಂದೇ ಹೊತ್ತಿಗೆ ಶಿಖರಕ್ಕೇರುವ ಸಂಭವ ಬಹಳ ಕಡಿಮೆ. ಹಾಗೆಂದು ಅವುಗಳಿಗೆ ಸಂಬಂಧವೇ ಇಲ್ಲವೆನ್ನಲೂ ಆಗದು: ಮಂತ್ರಾಲಯ ಮತ್ತು ಕರ್ನೂಲನ್ನು ಮುಳುಗಿಸಿದ 2009ರ ಅಕ್ಟೋಬರ್ ಆರಂಭದ ಪ್ರವಾಹದಲ್ಲಿ ಅಣೆಕಟ್ಟಿನ ಕೆಳಗಿನ ಪ್ರದೇಶದಲ್ಲೂ ಭಾರೀ ಮಳೆಯಾಗಿತ್ತು. ಆದ್ದರಿಂದ ನಕ್ಷೆಯ ಹರಿವಿನ ಕೋಷ್ಟಕದಲ್ಲಿ ಕಂಪ್ಲಿಯ ಭಾಗಕ್ಕೆ ಒಂದು ಅಂಕಿ, ಹಗರಿ ಸೇರಿದ ನಂತರದ ಭಾಗಕ್ಕೆ ಇನ್ನೊಂದು ಅಂಕಿ ಇರಬೇಕು. ಪ್ರತಿಯೊಂದರ ಪಕ್ಕದಲ್ಲಿ ಜಲಾಶಯದ ಆರಂಭಿಕ ಮಟ್ಟವನ್ನು ಎಷ್ಟೆಂದು ಹಿಡಿಯಲಾಗಿದೆ, ಉಪನದಿಯ ಯಾವ ಹರಿವನ್ನು ಕೂಡಿಸಲಾಗಿದೆ ಎಂಬುದನ್ನೂ ಬರೆದಿರಬೇಕು.