ವೆನಿಸ್‌ನ ಕುದುರೆಗಳು ಬಿಟ್ಟುಬಂದ ಮೈದಾನ

ವೆನಿಸ್‌ನ ಸೇಂಟ್ ಮಾರ್ಕ್ ಚರ್ಚಿನ ಮುಂಬಾಗಿಲ ಮೇಲೆ ನಾಲ್ಕು ಕುದುರೆಗಳು ನಿಂತಿವೆ. ಅವು ನಕಲು. ಅಸಲಿ ಕುದುರೆಗಳನ್ನು ಹೊಗೆ, ಮಳೆಯಿಂದ ಕಾಪಾಡಲು 1980ರ ದಶಕದ ಆರಂಭದಲ್ಲಿ ಒಳಗಿನ ಮ್ಯೂಸಿಯಂಗೆ ಸಾಗಿಸಿದರು. ಆ ಅಸಲಿಗಳೂ ವೆನಿಸ್‌ನವಲ್ಲ. ಅವು ಕಾನ್‌ಸ್ಟಾಂಟಿನೋಪಲ್‌ನಿಂದ, ಅಂದರೆ ಇಂದಿನ ಇಸ್ತಾಂಬುಲ್‌ನಿಂದ ಬಂದವು. ಅಲ್ಲಿನ ರಥದ ಓಟದ ಮೈದಾನದಲ್ಲಿ ನಿಂತಿದ್ದವು ಎಂಬುದು ಬಹಳ ಕಾಲದ ನಂಬಿಕೆ.

ಹಾಗಾದರೆ ವಾಪಸ್ ಕೊಡಬೇಕಲ್ವಾ? ಹೀಗೆ ಕೇಳಿದ ಕೂಡಲೇ ಮಾತು ಕುದುರೆಗಳು ಆ ಊರು ಬಿಟ್ಟ 1204ನೇ ಇಸವಿಗೆ ಹೋಗಿ ಅಲ್ಲೇ ನಿಂತುಬಿಡುತ್ತದೆ. ಕತೆ ಅದಕ್ಕಿಂತ ತುಂಬಾ ಹಳೆಯದು.

ಆ ಮೈದಾನದ ಹೆಸರು ಹಿಪ್ಪೊಡ್ರೋಮ್. ಗ್ರೀಕ್‌ನಲ್ಲಿ ಹಾಗೆಂದರೆ ಕುದುರೆ ಓಡುವ ಜಾಗ. ರೋಮನ್ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ 3ನೇ ಶತಮಾನದ ಆರಂಭದಲ್ಲಿ ಶುರು ಮಾಡಿದ್ದನ್ನು ಮುಂದಿನ ಶತಮಾನದ ಚಕ್ರವರ್ತಿ ಕಾನ್‌ಸ್ಟಂಟೈನ್ ದೊಡ್ಡದು ಮಾಡಿದ. ಸುಮಾರು 450 ಮೀಟರ್ ಉದ್ದ, 130 ಮೀಟರ್ ಅಗಲ. ನಡುವೆ ಉದ್ದಕ್ಕೂ ಒಂದು ಕಟ್ಟೆ. ನಾಲ್ಕು ಕುದುರೆಯ ರಥಗಳು ಅದರ ಸುತ್ತ ಓಡುತ್ತಿದ್ದವು.

330ರಲ್ಲಿ ಅವನ ಹೊಸ ರಾಜಧಾನಿಯಾಗಿ ಈ ಊರು ಉದ್ಘಾಟನೆಯಾಯಿತು. ಹೊಸ ಊರಿಗೆ ಹಳೆಯ ಗೌರವ ಬೇಕಿತ್ತು. ಹಾಗಾಗಿ ಎಲ್ಲೆಲ್ಲಿಂದಲೋ ವಸ್ತುಗಳು ಬಂದವು. ಕ್ರಿಸ್ತಪೂರ್ವ 479ರಲ್ಲಿ ಪ್ಲಟೇಯಾದಲ್ಲಿ ಪರ್ಷಿಯನ್ನರನ್ನು ಸೋಲಿಸಿದ ಗ್ರೀಕರು ಡೆಲ್ಫಿಯ ದೇವರಿಗೆ ಹರಕೆಯಾಗಿ ಕೊಟ್ಟ ಕಂಚಿನ ಹಾವಿನ ಕಂಬ ಇಲ್ಲಿಗೆ ಬಂತು. ಮೂರು ಹಾವು ಹೆಣೆದುಕೊಂಡಂತಿರುವ ಆ ಕಂಬದ ಮೇಲೆ ಯುದ್ಧಕ್ಕೆ ಬಂದ 31 ಊರುಗಳ ಹೆಸರಿವೆ. ಮುಂದೆ 390ರಲ್ಲಿ, ಚಕ್ರವರ್ತಿ ಥಿಯೊಡೋಸಿಯಸ್ ಕಾಲದಲ್ಲಿ, ಈಜಿಪ್ಟಿನ ಒಂದು ಏಕಶಿಲಾ ಕಂಬ ಎದ್ದು ನಿಂತಿತು. ಅದನ್ನು ಕಾರ್ನಾಕ್ ದೇವಾಲಯಕ್ಕಾಗಿ ಕಡೆಸಿದವನು ಅಲ್ಲಿನ ಅರಸ ಮೂರನೇ ಥುಟ್ಮೋಸ್. ಕಂಬದ ಪೀಠದಲ್ಲಿ ಚಕ್ರವರ್ತಿ ಗೆದ್ದವನಿಗೆ ಕೊಡಲು ಮಾಲೆ ಹಿಡಿದು ನಿಂತ ಕೆತ್ತನೆ ಇದೆ. ಕಂಬ ನಿಲ್ಲಿಸಲು ಎಷ್ಟು ದಿನ ಬೇಕಾಯಿತು ಎಂದೂ ಬರೆದಿದೆ. ಲ್ಯಾಟಿನ್ ಶಾಸನ 30 ದಿನ ಎನ್ನುತ್ತದೆ, ಗ್ರೀಕ್ ಶಾಸನ 32 ಎನ್ನುತ್ತದೆ.

ಅಂದರೆ ಡೆಲ್ಫಿಯದು, ಈಜಿಪ್ಟಿನದು ಎಲ್ಲವೂ ಮೊದಲೇ ಒಮ್ಮೆ ಊರು ಬಿಟ್ಟು ಬಂದವು. ಹಾಗಿದ್ದರೆ ಈ ಮೈದಾನದ್ದೇ ಎನ್ನುವಂಥದ್ದು ಏನೂ ಇರಲಿಲ್ಲವೇ? ಇತ್ತು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಅದೇ.

500ನೇ ಇಸವಿಯ ಆಸುಪಾಸಿನಲ್ಲಿ ಪೊರ್ಫಿರಿಯಸ್ ಎಂಬ ಸಾರಥಿ ಇಲ್ಲಿ ರಥ ಓಡಿಸುತ್ತಿದ್ದ. ಆಗ ಊರಿನ ಜನ ಓಟದ ತಂಡಗಳ ಹೆಸರಿನಲ್ಲಿ ನೀಲಿ ಬಣ, ಹಸಿರು ಬಣ ಎಂದು ಹಂಚಿಹೋಗಿದ್ದರು. ಒಂದು ಬಣದವರಿಗೆ ಇನ್ನೊಂದು ಬಣದವರನ್ನು ಕಂಡರೆ ಆಗುತ್ತಿರಲಿಲ್ಲ. ಆದರೆ ಪೊರ್ಫಿರಿಯಸ್ ಎರಡೂ ಬಣಗಳಿಗೆ ಓಡಿಸಿದ, ಎರಡಕ್ಕೂ ಗೆದ್ದುಕೊಟ್ಟ. ಅಲ್ಲಿ ಇನ್ನೊಂದು ಪಂದ್ಯ ಇತ್ತು. ಗೆದ್ದ ಸಾರಥಿ ತನ್ನ ಕುದುರೆಗಳನ್ನು ಸೋತವನಿಗೆ ಕೊಟ್ಟು, ಅವನ ಕುದುರೆಗಳನ್ನು ತಾನು ಕಟ್ಟಿಕೊಂಡು ಮತ್ತೆ ಓಡಬೇಕು. ಗೆದ್ದದ್ದು ಕುದುರೆಯ ಬಲದಿಂದಲೋ ಕೈಚಳಕದಿಂದಲೋ ಎಂದು ಆಗ ಗೊತ್ತಾಗುತ್ತದೆ. ಅದರಲ್ಲೂ ಅವನದೇ ಗೆಲುವು. ಬೇರೆಯವರಿಗೆ ಓಟ ಬಿಟ್ಟ ಮೇಲೆ ಪ್ರತಿಮೆ ಸಿಗುತ್ತಿತ್ತು. ಇವನಿಗೆ ಗಡ್ಡ ಮೂಡುವ ಮೊದಲೇ ಸಿಕ್ಕಿತು ಎಂದು ಅಂದಿನ ಪದ್ಯಗಳು ಹಾಡಿವೆ. ನಡುಗಟ್ಟೆಯ ಮೇಲೆ ಅವನ ಕಂಚಿನ ಪ್ರತಿಮೆಗಳು ಸಾಲಾಗಿ ನಿಂತವು. ಕೆಲವನ್ನು ನೀಲಿಯವರು ಇಟ್ಟರು, ಕೆಲವನ್ನು ಹಸಿರಿನವರು. ಒಂದು ಪ್ರತಿಮೆಯೂ ಇಂದು ಉಳಿದಿಲ್ಲ. ಎರಡು ಅಮೃತಶಿಲೆ ಪೀಠಗಳು ಮಾತ್ರ ಇಸ್ತಾಂಬುಲ್‌ನ ಮ್ಯೂಸಿಯಂನಲ್ಲಿವೆ.

ಇದೇ ಮೈದಾನ 532ರ ಜನವರಿಯಲ್ಲಿ ರಕ್ತದಲ್ಲಿ ತೊಯ್ದಿತು. ಎರಡೂ ಬಣಗಳು ಒಂದಾಗಿ, ‘ಗೆಲ್ಲು’ ಎಂಬ ಅರ್ಥದ ‘ನಿಕಾ’ ಕೂಗುತ್ತಾ ಚಕ್ರವರ್ತಿ ಜಸ್ಟಿನಿಯನ್ ವಿರುದ್ಧ ತಿರುಗಿಬಿದ್ದವು. ಸತ್ತವರು 30,000ಕ್ಕೂ ಜಾಸ್ತಿ ಎಂದು ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ.

ನಂತರದ ಶತಮಾನಗಳಲ್ಲಿ ಓಟಗಳು ಕಡಿಮೆಯಾಗುತ್ತಾ ಬಂದವು. 1204ರಲ್ಲಿ ನಾಲ್ಕನೇ ಕ್ರುಸೇಡಿನ, ಅಂದರೆ ಪಶ್ಚಿಮ ಯುರೋಪಿನ ಕ್ರೈಸ್ತರ ಧರ್ಮಯುದ್ಧದ ಸೇನೆ ಊರು ಹಿಡಿಯಿತು. ಊರಿನ ಕಂಚಿನ ಪ್ರತಿಮೆಗಳು ಕರಗಿ ನಾಣ್ಯವಾದವು. ನಾಲ್ಕು ಕುದುರೆಗಳು ಹಡಗು ಹತ್ತಿ ವೆನಿಸ್ ಸೇರಿದವು. 1797ರಲ್ಲಿ ನೆಪೋಲಿಯನ್‌ನ ಕೈಸೇರಿ ಅವು ಅಲ್ಲಿಂದ ಪ್ಯಾರಿಸ್‌ಗೆ ಹೊರಟವು, 1815ರಲ್ಲಿ ವೆನಿಸ್‌ಗೇ ಮರಳಿದವು. ಕಾನ್‌ಸ್ಟಾಂಟಿನೋಪಲ್‌ಗೆ ಅಲ್ಲ. ‘ವಾಪಸ್’ ಎಂಬ ಮಾತು ಎಷ್ಟು ಗೋಜಲಿನದು ಎನ್ನುವುದು ಇಲ್ಲೇ ಕಾಣುತ್ತದೆ. ಕೊನೆಯ ಮನೆಗೆ ಕಳಿಸಿದರೆ ಸಾಕೇ, ಮೊದಲ ಮನೆ ಹುಡುಕಬೇಕೇ? ಕುದುರೆಗಳ ಮೊದಲ ಮನೆ ಯಾವುದು, ಅವು ಯಾವ ಶತಮಾನದವು ಎಂಬ ಬಗ್ಗೆಯೇ ಪಂಡಿತರಲ್ಲಿ ಒಮ್ಮತ ಇಲ್ಲ. ಆದರೂ ಹಳೆಯದನ್ನು ಮರಳಿಸುವುದು ಆಗದ ಮಾತಲ್ಲ. 2004ರಲ್ಲಿ, ಬಹಳ ಹಿಂದೆ ಈ ಊರಿನಿಂದ ಹೋಗಿದ್ದ ಇಬ್ಬರು ಸಂತರ ಅಸ್ಥಿಗಳನ್ನು ವ್ಯಾಟಿಕನ್ ಇಸ್ತಾಂಬುಲ್‌ನ ಚರ್ಚಿಗೆ ಒಪ್ಪಿಸಿತು.

ಇಷ್ಟೆಲ್ಲ ನಡೆಯುವಾಗ ಮೈದಾನ ಮಾತ್ರ ಅಲ್ಲೇ ಇತ್ತು. 1453ರಲ್ಲಿ ಊರು ಗೆದ್ದ ನಂತರ ತುರ್ಕರು ಅದನ್ನು ‘ಅತ್ ಮೈದಾನಿ’ ಎಂದು ಕರೆದರು. ಅದಕ್ಕೂ ಕುದುರೆ ಮೈದಾನ ಎಂದೇ ಅರ್ಥ. ಆಸನಗಳ ಕಲ್ಲುಗಳು ಬೇರೆ ಕಟ್ಟಡಗಳಿಗೆ ಹೋದವು. ಸುಮಾರು 1700ರಲ್ಲಿ ಹಾವಿನ ಕಂಬದ ತಲೆಗಳು ಬಿದ್ದವು. ಇಂದು ಅದೊಂದು ಸುಂದರ ಚೌಕ. ಜನ ಕಂಬಗಳ ಮುಂದೆ ಫೋಟೊ ತೆಗೆದುಕೊಂಡು ನೀಲಿ ಮಸೀದಿಯ ಕಡೆ ನಡೆಯುತ್ತಾರೆ. ಕಂಬಗಳ ಬುಡ ಗುಂಡಿಯಲ್ಲಿದೆ, ಯಾಕೆಂದರೆ ನೆಲ ಅಷ್ಟು ಮೇಲೆ ಬಂದಿದೆ. ರಥ ಓಡಿದ ಮಣ್ಣು ಕಾಲ ಕೆಳಗೆ ಹಲವು ಮೀಟರ್ ಆಳದಲ್ಲಿದೆ. ಕುದುರೆಗಳಿಗಾಗಿ ಇಷ್ಟು ವಾದ ಮಾಡುವ ನಾವು ಆ ಮಣ್ಣಿನ ಬಗ್ಗೆ ಇನ್ನೂ ಸ್ವಲ್ಪ ಕೇಳಬೇಕು ಅನ್ನಿಸುತ್ತದೆ.

ಅಲ್ಲಿಗೆ ಹೋದರೆ ಚೌಕದ ದಕ್ಷಿಣ ತುದಿ ದಾಟಿ ಇಳಿಜಾರಿನಲ್ಲಿ ಕೆಳಗಿಳಿಯಿರಿ. ಅರ್ಧಚಂದ್ರದ ಹಾಗೆ ಬಾಗಿದ ಎತ್ತರದ ಇಟ್ಟಿಗೆ ಗೋಡೆಯೊಂದು ಸಿಗುತ್ತದೆ. ರಥಗಳು ತಿರುವು ತೆಗೆದುಕೊಳ್ಳುತ್ತಿದ್ದ ತುದಿಯನ್ನು ಹೊತ್ತ ಗೋಡೆ ಅದು. ಪೊರ್ಫಿರಿಯಸ್ ಲಗಾಮು ಎಳೆದು ತಿರುಗುತ್ತಿದ್ದದ್ದು ಅದರ ಮೇಲೆಯೇ.