ಮಾರ್ಗೇಟ್: ಬಾಡಿಗೆ ಕೋಣೆಗಳ ಕಡಲೂರು

ಲಂಡನ್ನಿನಿಂದ ಸುಮಾರು ಒಂದೂವರೆ ಗಂಟೆ ರೈಲಿನಲ್ಲಿ ಕುಳಿತು ಮಾರ್ಗೇಟಿನಲ್ಲಿ ಇಳಿದರೆ, ನಿಲ್ದಾಣ ದಾಟುತ್ತಲೇ ವಿಶಾಲವಾದ ಮರಳ ದಂಡೆ. ಎದುರಿಗೆ ಬಣ್ಣ ಉದುರಿದ ಎತ್ತರದ ಹಳೆಯ ಮನೆಗಳ ಸಾಲು. ಇವುಗಳಲ್ಲಿ ಅನೇಕವು ಒಂದು ಕಾಲದ ಅತಿಥಿಗೃಹಗಳು. ಈ ಊರು ಏಕೆ ಸೊರಗಿತು ಎಂದು ತಿಳಿಯಬೇಕಾದರೆ ಆ ಕೋಣೆಗಳ ಕಥೆಯನ್ನೇ ಹಿಡಿದು ಹೋಗಬೇಕು.

ಆರಂಭದಲ್ಲಿ ಇಲ್ಲಿಯ ಕಡಲು ಮೋಜಲ್ಲ, ಮದ್ದು. 1736ರಲ್ಲೇ ಥಾಮಸ್ ಬಾರ್ಬರ್ ಎಂಬಾತ ಕಡಲ ನೀರಿನ ಸ್ನಾನಕ್ಕೆ ಜಾಹೀರಾತು ಕೊಟ್ಟಿದ್ದ. 1750ರ ಸುಮಾರಿಗೆ ಬೆಂಜಮಿನ್ ಬೀಲ್ ಸ್ನಾನದ ಗಾಡಿಗೆ ಹೊಸ ರೂಪ ಕೊಟ್ಟ. ಕುದುರೆ ಎಳೆಯುವ ಮರದ ಗೂಡಿನಲ್ಲಿ ಬಟ್ಟೆ ಬದಲಿಸಿ, ಹಿಂದುಗಡೆ ಇಳಿಬಿಟ್ಟ ಕ್ಯಾನ್ವಾಸಿನ ಮರೆಯಲ್ಲಿ ಯಾರ ಕಣ್ಣಿಗೂ ಬೀಳದೆ ಮುಳುಗು ಹಾಕಬಹುದಿತ್ತು. 1791ರಲ್ಲಿ ವೈದ್ಯ ಜಾನ್ ಕೋಕ್ಲಿ ಲೆಟ್ಸಮ್ ಮುಂದಾಳತ್ವದಲ್ಲಿ ಬಡವರಿಗಾಗಿಯೇ ಒಂದು ಆಸ್ಪತ್ರೆ ಸ್ಥಾಪನೆಯಾಯಿತು. ಗಂಡಮಾಲೆ (ಕುತ್ತಿಗೆಯ ಗಂಟುಗಳ ಕ್ಷಯ), ಮೂಳೆಯ ಕ್ಷಯ ಅಂಟಿದವರು ತೆರೆದ ಮೊಗಸಾಲೆಯಲ್ಲಿ ಉಪ್ಪುಗಾಳಿ ಕುಡಿಯುತ್ತ ಮಲಗುತ್ತಿದ್ದರು. ಬಡವನಿಗೂ ಕಡಲಿನಲ್ಲಿ ಪಾಲುಂಟು ಎಂದ ಆ ಕಟ್ಟಡ ಈಗ ಅಪಾರ್ಟ್‌ಮೆಂಟ್. ಅದರ ಮುಂದೆ ನಿಂತಾಗ ನನಗೆ ಸಂಕಟವೇ ಆಯಿತು.

ಮೊದಲು ಲಂಡನ್ನಿಗೆ ಧಾನ್ಯ ಒಯ್ಯುತ್ತಿದ್ದ ಹಾಯಿದೋಣಿಗಳು ಮರಳುವಾಗ ಪ್ರವಾಸಿಗಳನ್ನು ಹೊತ್ತು ತಂದವು. 1815ರಿಂದ ಉಗಿಹಡಗು, 1846ರಲ್ಲಿ ರೈಲು ಬಂದವು. 1871ರ ಬ್ಯಾಂಕ್ ರಜೆಯ (ಸಾರ್ವಜನಿಕ ರಜಾದಿನಗಳ) ಕಾಯಿದೆ ದುಡಿಯುವವರಿಗೂ ದಂಡೆಯ ದಾರಿ ತೋರಿತು. 1920ರಲ್ಲಿ ಡ್ರೀಮ್‌ಲ್ಯಾಂಡ್ ಉದ್ಯಾನ ತೆರೆಯಿತು. ಅಲ್ಲಿಯ ಮರದ ರೋಲರ್ ಕೋಸ್ಟರಿನಲ್ಲಿ ಬ್ರೇಕ್ ಹಿಡಿಯುವವನು ಜನರ ಜೊತೆಯಲ್ಲೇ ಸವಾರಿ ಮಾಡುತ್ತಿದ್ದ. 1938ರಲ್ಲಿ ಸಂಬಳ ಸಹಿತ ರಜೆಯ ಕಾಯಿದೆಯೂ ಬಂತು.

ಆದರೆ ಕೈಗೆ ಬಂದ ರಜೆ, ಉಳಿತಾಯದ ಹಣ ಎರಡೂ 1960ರ ದಶಕದಿಂದ ವಿಮಾನವೇರಿ ಸ್ಪೇನಿನ ಬಿಸಿಲಿಗೆ ಹೊರಟವು. 1978ರ ಜನವರಿಯ ಬಿರುಗಾಳಿ ಹಳೆಯ ಜೆಟ್ಟಿಯನ್ನು ಮುರಿದುಹಾಕಿತು. ಜನರ ಅಭಿರುಚಿ ಬದಲಾದದ್ದೇ ಕಾರಣ ಎನ್ನುವವರಿದ್ದಾರೆ; ನನಗೆ ಅದು ಅರ್ಧ ಉತ್ತರ ಮಾತ್ರ. ಬೇಸಿಗೆಯ ಅತಿಥಿಗಳನ್ನೇ ನಂಬಿದ್ದ ಕೋಣೆಗಳು ವರ್ಷವಿಡೀ ಖಾಲಿ ಬಿದ್ದವು. ಮಾಲೀಕರು ಅವನ್ನು ಒಂಟಿ ಕೋಣೆಯ ಬಿಡಾರಗಳಾಗಿ ಒಡೆದರು. ಅಗ್ಗದ ಬಾಡಿಗೆ ಅರಸಿ ಬಂದವರ ಜೊತೆಗೆ, ದೂರದ ಊರುಗಳ ಸ್ಥಳೀಯ ಸಂಸ್ಥೆಗಳು ತಮ್ಮಲ್ಲಿ ಮನೆ ಕೊಡಲಾಗದವರನ್ನೂ ಇಲ್ಲಿಗೆ ಕಳುಹಿಸಿದವು. ಅವರಿಗೆ ಬೇಕಾದ ಕೆಲಸ ಮಾತ್ರ ಊರಿನಲ್ಲಿ ಇರಲಿಲ್ಲ.

2011ರಲ್ಲಿ ಟರ್ನರ್ ಕಂಟೆಂಪರರಿ ಕಲಾ ಗ್ಯಾಲರಿ ತೆರೆಯಿತು. ಬಾಲ್ಯದಲ್ಲಿ ಇಲ್ಲೇ ಶಾಲೆಗೆ ಹೋಗಿದ್ದ ಚಿತ್ರಕಾರ ಟರ್ನರ್ ಮುಂದೆ ಶ್ರೀಮತಿ ಬೂತ್ ಅವರ ಅತಿಥಿಗೃಹದಲ್ಲಿ ತಂಗುತ್ತಿದ್ದ. ಗ್ಯಾಲರಿ ನಿಂತಿರುವುದು ಅದೇ ಜಾಗದಲ್ಲಿ. 2008ರ ಬೆಂಕಿಯಲ್ಲಿ ಸುಟ್ಟ ರೋಲರ್ ಕೋಸ್ಟರ್ ಕೂಡ 2015ರಲ್ಲಿ ಮತ್ತೆ ಓಡಿತು. ಲಂಡನ್ನಿನ ಕಲಾವಿದರು ಬಂದರು, ವಾರಾಂತ್ಯದ ಅತಿಥಿಗಳೂ ಬಂದರು, ಬಾಡಿಗೆ ಏರಿತು.

ಹೋದವರು ಗ್ಯಾಲರಿಯಿಂದಲೇ ಹಿಂದಿರುಗದೆ, ಪೂರ್ವದ ಬಡಾವಣೆ ಕ್ಲಿಫ್ಟನ್‌ವಿಲ್‌ವರೆಗೂ ನಡೆಯಬೇಕು. ಅಲ್ಲಿ ಒಂದೇ ಬಾಗಿಲಿನ ಪಕ್ಕ ಹಲವು ಕರೆಗಂಟೆಗಳ ಗುಂಡಿಗಳಿವೆ. ಒಂದೊಂದರ ಹಿಂದೆಯೂ ಒಂದೊಂದು ಸಂಸಾರವಿದೆ.