ಜಾನಿ ಆಪಲ್‌ಸೀಡ್ ಕಸಿ ಬಿಟ್ಟು ಬೀಜವನ್ನೇ ನೆಟ್ಟದ್ದೇಕೆ?

ಅಮೆರಿಕದ ಮಕ್ಕಳ ಚಿತ್ರಪುಸ್ತಕಗಳಲ್ಲಿ ಜಾನಿ ಆಪಲ್‌ಸೀಡ್ ಬರಿಗಾಲಿನಲ್ಲಿ, ತಲೆಗೆ ತಗಡಿನ ಪಾತ್ರೆ ಕವುಚಿಕೊಂಡು, ದಾರಿಯುದ್ದಕ್ಕೂ ಸೇಬಿನ ಬೀಜ ಎರಚುತ್ತ ಸಾಗುತ್ತಾನೆ. ಈ ಕಥಾನಾಯಕನ ಮೂಲಪುರುಷ ಜಾನ್ ಚಾಪ್‌ಮನ್ 1774ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿ, ಪೆನ್ಸಿಲ್ವೇನಿಯ, ಒಹಾಯೊ, ಇಂಡಿಯಾನಾಗಳಲ್ಲಿ ತಿರುಗಾಡಿ, 1845ರಲ್ಲಿ ಫೋರ್ಟ್ ವೇಯ್ನ್ ಬಳಿ ತೀರಿಕೊಂಡ. ಜೀವನಚರಿತ್ರೆಯ ಮಟ್ಟಿಗೆ ಇಷ್ಟು ಸಾಕು.

ನಿಜವಾದ ತೊಡಕು ಇರುವುದು ಬೀಜದಲ್ಲಿ. ಸಿಹಿ ಸೇಬಿನ ಬೀಜ ನೆಟ್ಟರೆ ಸಿಹಿ ಸೇಬೇ ಬರುತ್ತದೆಂಬ ಭರವಸೆಯಿಲ್ಲ, ಬಹುಪಾಲು ಹುಳಿ ಅಥವಾ ಒಗರು ಕಾಯಿಗಳೇ ಬರುತ್ತವೆ. ಕಾರಣವನ್ನು ನಿಧಾನವಾಗಿ ಬಿಡಿಸಿಕೊಳ್ಳಬೇಕು. ಸೇಬಿನ ಹೂವು ಸಾಮಾನ್ಯವಾಗಿ ತನ್ನದೇ ತಳಿಯ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಜೇನ್ನೊಣಗಳು ಬೇರೊಂದು ತಳಿಯ ಪರಾಗವನ್ನು ತರಬೇಕು. ಆಗ ಕಟ್ಟಿದ ಹಣ್ಣಿನ ತಿರುಳು ಪೂರ್ತಿಯಾಗಿ ತಾಯಿಮರದ್ದು, ಆದ್ದರಿಂದ ಅದರ ರುಚಿ ಬದಲಾಗುವುದಿಲ್ಲ. ಒಳಗಿನ ಬೀಜ ಮಾತ್ರ ಎರಡು ಮರಗಳ ಸಂತಾನ. ಇಲ್ಲಿ ತಿರುಳನ್ನೂ ಬೀಜವನ್ನೂ ಬೇರೆಬೇರೆಯಾಗಿ ನೋಡಿದರೆ ಗಂಟು ಬಿಚ್ಚಿಕೊಳ್ಳುತ್ತದೆ. ಒಂದೇ ಹಣ್ಣಿನ ಐದು ಬೀಜಗಳಿಂದ ಐದು ಬಗೆಯ ಮರಗಳು ಬೆಳೆಯಬಹುದು. ನಮ್ಮ ಬಾದಾಮಿ ಮಾವಿನ ವಾಟೆ ಹೂತರೆ ಅದೇ ರುಚಿಯ ಹಣ್ಣು ಸಿಗದಿರುವುದೂ ಇದಕ್ಕೇ. ತಾಯಿಮರದ ಗುಣ ಉಳಿಯಬೇಕಾದರೆ ಕಸಿ ಕಟ್ಟಬೇಕು, ಆದರೆ ಸ್ವೀಡನ್‌ಬೋರ್ಗ್ ಎಂಬ ಚಿಂತಕನ ಬೋಧನೆಗಳನ್ನು ಅನುಸರಿಸುವ ಕ್ರೈಸ್ತ ಪಂಥದ ಶ್ರದ್ಧಾವಂತ ಪ್ರಚಾರಕನಾಗಿದ್ದ ಚಾಪ್‌ಮನ್, ಮರವನ್ನು ಹಾಗೆ ಕತ್ತರಿಸುವುದು ತಪ್ಪೆಂದು ನಂಬಿ, ಕಸಿಯನ್ನು ಒಪ್ಪುತ್ತಿರಲಿಲ್ಲ.

ಹಾಗಿದ್ದರೂ ಅವನ ಸಸಿಗಳನ್ನು ಜನ ಕೊಂಡರು. ಆ ಕಾಲದ ವಲಸಿಗರು ಸೇಬನ್ನು ಹೆಚ್ಚಾಗಿ ಹಿಂಡಿ, ಹುದುಗಿಸಿ, ಸೈಡರ್ ಎಂಬ ಪಾನೀಯ ಮಾಡಿ ಕುಡಿಯುತ್ತಿದ್ದರು. ಅದಕ್ಕೆ ಹುಳಿ ಕಾಯಿ ಅಡ್ಡಿಯಲ್ಲ. ಇನ್ನೊಂದು ಕಾರಣ ಭೂಮಿಯದು. ವಲಸಿಗರಿಗೆ ಭೂಮಿ ಹಂಚುತ್ತಿದ್ದ ಒಹಾಯೊ ಕಂಪನಿಯಿಂದ 100 ಎಕರೆ ಪಡೆದವರು ಮೂರು ವರ್ಷಗಳೊಳಗೆ 50 ಸೇಬಿನ ಮತ್ತು 20 ಪೀಚ್ ಗಿಡಗಳನ್ನು ನೆಡಬೇಕೆಂಬ ಷರತ್ತಿತ್ತು. ಚಾಪ್‌ಮನ್ ಸೈಡರ್ ಗಾಣಗಳ ಹಿಪ್ಪೆಯಿಂದ ಬೀಜ ಆರಿಸಿಕೊಂಡು, ವಲಸಿಗರು ಬರುವ ಮೊದಲೇ ಆ ಪ್ರದೇಶ ತಲುಪಿ, ಬೇಲಿ ಕಟ್ಟಿ ಸಸಿಮಡಿ ಮಾಡಿ, ಬೆಳೆದ ಸಸಿಗಳನ್ನು ಮಾರುತ್ತಿದ್ದ. ಸಾಯುವಾಗ ಅವನ ಹೆಸರಿನಲ್ಲಿ ಸುಮಾರು 1,200 ಎಕರೆ ಭೂಮಿಯಿತ್ತು. ಈ ಲೆಕ್ಕಾಚಾರವೂ ದೂರದೃಷ್ಟಿಯೂ ಅವನ ಬರಿಗಾಲಿಗಿಂತ ಹೆಚ್ಚು ಮೆಚ್ಚುಗೆಗೆ ಅರ್ಹವೆಂದು ನನ್ನ ಅಭಿಪ್ರಾಯ.

1871ರಲ್ಲಿ ಹಾರ್ಪರ್ಸ್ ಮಾಸಪತ್ರಿಕೆಯ ಲೇಖನವೊಂದು ಅವನ ಕಥೆಯನ್ನು ದೇಶವಿಡೀ ಹರಡಿತು. ಅವನ ಕುರಿತ ಯಾವುದೇ ಚಿತ್ರಪುಸ್ತಕವನ್ನು ಅಭ್ಯಾಸಕ್ಕೆ ತೆಗೆದುಕೊಂಡಾಗ ಮೊದಲು ಬೇಲಿಯನ್ನು ಹುಡುಕಿರಿ: ಬೀಜಗಳು ಗಾಳಿಯಲ್ಲಿ ಹಾರುತ್ತಿದ್ದರೆ ಚಿತ್ರಕಾರರು ದಂತಕಥೆಯನ್ನು ಆರಿಸಿಕೊಂಡಿದ್ದಾರೆ, ಬೇಲಿಯೊಳಗೆ ಸಾಲುಸಾಲಾಗಿ ಸಸಿಗಳಿದ್ದರೆ ಚಾಪ್‌ಮನ್‌ನನ್ನು.